ಚಿಂಚೋಳಿಗೆ ದೇವೀಂದ್ರಪ್ಪ, ವಾಡಿಗೆ ಮಶಾಕ

ನಮ್ಮ ಶಹಾಬಾದಿನ ಕ್ರಿಕೆಟ್ ಟೀಮಿನ ಕ್ಯಾಪ್ಟನ್ ಸಿರಾಜುದ್ದೀನ ಮಾಸ್ತರರಿಗೆ ತಲೆ ಕೆಟ್ಟಿದೆ ಎಂದು ಊರಲ್ಲಿ ಮೊದಲು ಹೇಳಿದವನು ನಾನು. ಖಾಜಾಮಿಯಾನ ಚಹಾದ ಹೋಟೆಲಿನ ಮುಂದೆ ನಿಂತು ನಾಲ್ಕು ಮಂದಿ ಕೇಳುವಂತೆಯೇ ಹೇಳಿದೆ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅವತ್ತು ಅಲ್ಲಿದ್ದಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ.

ನಿಜಾಮರ ಸರಕಾರದ ಕಾಲ ಅದು. ರಜೆ ಎಂದರೆ ಶುಕ್ರವಾರ, ಆಟ ಎಂದರೂ ಶುಕ್ರವಾರ. ಸೇಡಂನ ವಕೀಲರೊಬ್ಬರು ಕ್ರಿಕೆಟ್ಟಿನಲ್ಲಿ ಗೆದ್ದವರಿಗೆ ಬಹುಮಾನವೆಂದು ಒಂದು ಬೆಳ್ಳಿಯ ಢಾಲು ಇಟ್ಟಿದ್ದರು. ಸೇಡಂನವರಿಗೆ ಹನ್ನೊಂದು ಜನರ ಟೀಮು ಕಟ್ಟಲು ಆಗಲಿಲ್ಲ, ಬಂದವರಿಗೆ ಊಟ ಹಾಕಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಢಾಲಿನ ಕೊನೆಯ ಆಟ ಕಾಗಿಣಾ ಹೊಳೆಯ ಹತ್ತಿರದ ಅವರ ಬಯಲಿನಲ್ಲೇ ಆಗಬೇಕೆಂದು ಕರಾರು. ಆ ವರ್ಷ ನಮಗೆ ಮೂರು ಆಟ ಬಂದವು. ಮೊದಲು ಚಿಂಚೋಳಿಯವರು ನಮ್ಮೂರಿಗೆ ಬರುವುದು, ಆಮೇಲೆ ನಾವು ಚಿತ್ತಾಪುರಕ್ಕೆ ಹೋಗುವುದು, ಕೊನೆಗೆ ಸೇಡಂನಲ್ಲಿ ವಾಡಿ ಜಂಕ್ಷನ್ನಿನ ರೈಲ್ವೆಯವರ ಮೇಲೆ. ಢಾಲು ವಾಡಿಯವರ ಹತ್ತಿರವೇ ಇತ್ತು. ಅವರನ್ನು ಯಾರೂ ಸೋಲಿಸಿರಲಿಲ್ಲ.

ನಮ್ಮ ಸೀಮೆಯ ಆಟಕ್ಕೆ ಒಂದು ರಿವಾಜು ಇತ್ತು. ಒಂದು ತುದಿಯಿಂದ ಹೊಸ ಚೆಂಡು ಹಿಡಿದವನು ತಾನಾಗಿ ಸಾಕೆನ್ನುವ ತನಕ ಆ ತುದಿ ಅವನದೇ. ಬಿತ್ತುವವನ ಕೈಯಿಂದ ನಡುಹೊಲದಲ್ಲಿ ಕೂರಿಗೆ ಕಸಿದುಕೊಳ್ಳುತ್ತಾರೆಯೇ? ಹಾಗೆಯೇ ಇದು. ಇಡೀ ದಿನ ಎಸೆದ ತೋಳು ಮತ್ತೆ ನೆಟ್ಟಗಾಗಲು ವಾರಗಟ್ಟಲೆ ಬೇಕು, ಅದರ ನಡುವೆ ಹೊಟ್ಟೆಪಾಡಿನ ದುಡಿತ ಬೇರೆ. ಆದ್ದರಿಂದ ಮೂರು ಆಟಕ್ಕೆ ಮೂವರು ಬೋಲರುಗಳು. ಯಾರಿಗೆ ಯಾವ ಆಟ ಎಂಬುದನ್ನು ಕ್ಯಾಪ್ಟನ್ ಮುಂಚೆಯೇ ಎಲ್ಲರೆದುರು ವೀಳ್ಯ ಕೊಟ್ಟು ಸಾರಬೇಕು. ವೀಳ್ಯ ಬಾಯಿಗೆ ಹೋಯಿತೆಂದರೆ ಮಾತು ಮುಗಿಯಿತು. ಆಮೇಲೆ ಅದನ್ನು ಬದಲಿಸಲು ಸ್ವತಃ ಕ್ಯಾಪ್ಟನ್ನಿಗೂ ಹಕ್ಕಿಲ್ಲ.

ಮೂವರಲ್ಲಿ ಒಬ್ಬ ಬಸವಂತರಾಯ. ಅವನ ಅಪ್ಪ ಅಡತಿ ಅಂಗಡಿಯವರು, ಟೀಮಿಗೆ ಪಿಚ್ಚಿನ ಮೇಲೆ ಹಾಸುವ ನಾರಿನ ಚಾಪೆ ಕೊಡಿಸಿದವರು. ಆ ಚಾಪೆಯ ಬಲದಿಂದ ಬಸವಂತರಾಯ ಅರ್ಧ ಬೋಲರ್, ಉಳಿದರ್ಧ ಅವನ ಮೀಸೆಯ ಬಲ. ಇನ್ನೊಬ್ಬ ಮಶಾಕ, ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುವವನು. ಅವನ ಕುದುರೆ ಎಷ್ಟು ನಿಧಾನವೋ ಅವನ ಚೆಂಡೂ ಅಷ್ಟೇ ನಿಧಾನ. ಚೆಂಡು ಬಂದು ಮುಟ್ಟುವುದರೊಳಗೆ ಬ್ಯಾಟು ಹಿಡಿದವನು ಒಂದು ಬೀಡಿ ಸೇದಬಹುದು ಎಂದು ನಾವು ನಗುತ್ತಿದ್ದೆವು. ಮೂರನೆಯವನು ದೇವೀಂದ್ರಪ್ಪ. ಖಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸುವವನು, ಎಡಗೈಯವನು. ಅವನು ಓಡಿ ಬಂದು ಚೆಂಡು ಬಿಟ್ಟರೆ ಬ್ಯಾಟು ಹಿಡಿದವರಿಗೆ ಮನೆದೇವರು ನೆನಪಾಗುತ್ತಿತ್ತು. ವಿಕೆಟ್ಟಿನ ಹಿಂದೆ ಚೆಂಡು ಹಿಡಿಯುವ ಕೀಪರ್ ನಾನು, ಗುರುಲಿಂಗಪ್ಪ. ದೇವೀಂದ್ರಪ್ಪ ನನ್ನ ತಂಗಿ ಗುರುದೇವಿಯ ಗಂಡ.

ನನ್ನ ಸಿಟ್ಟಿನ ಕಾರಣ ಇಲ್ಲೇ ಇದೆ. ದೇವೀಂದ್ರಪ್ಪನ ಅಪ್ಪನ ಮೇಲೆ ಖಣಿಯಲ್ಲೇ ಬಂಡೆ ಜಾರಿತ್ತು. ಅಣ್ಣನ ಬಲಗೈ ಅಲ್ಲೇ ಜಜ್ಜಿಹೋಗಿತ್ತು. ಗಂಡ ಕೆಲಸದಿಂದ ಬಂದು ಹೊಸ್ತಿಲು ದಾಟುವ ತನಕ ಗುರುದೇವಿ ಒಲೆಯ ಮುಂದೆ ಕೂತಿದ್ದರೂ ಅವಳ ಜೀವ ಬಾಗಿಲಲ್ಲೇ ಇರುತ್ತಿತ್ತು. ವಾಡಿಯ ಕ್ಯಾಪ್ಟನ್ ಮಜೀದಸಾಬರು ಇಂಜಿನ್ ಶೆಡ್ಡಿನ ಫೋರ್‌ಮನ್ನರು. ಒಳ್ಳೆಯ ಬೋಲರ್ ಕಣ್ಣಿಗೆ ಬಿದ್ದರೆ ಶೆಡ್ಡಿನಲ್ಲಿ ನೌಕರಿ ಕೊಡಿಸುತ್ತಾರೆಂಬುದು ಊರೂರಿಗೂ ಗೊತ್ತಿದ್ದ ಮಾತು. ದೇವೀಂದ್ರಪ್ಪ ವಾಡಿಯವರ ಮೇಲೆ ಹೊಸ ಚೆಂಡು ಹಿಡಿದರೆ ಸಾಕು, ಖಣಿ ತಪ್ಪುತ್ತದೆ ಎಂದು ನಾನು ತಂಗಿಗೆ ಮಾತು ಕೊಟ್ಟಿದ್ದೆ. ಅವಳು ಅದನ್ನೇ ನಂಬಿ ಕೂತಿದ್ದಳು.

ಅಂಥದ್ದರಲ್ಲಿ ಮಾಸ್ತರರು ಹೋಟೆಲಿನ ಕಟ್ಟೆಯ ಮೇಲೆ ನಿಂತು, ತಟ್ಟೆಯಿಂದ ಮೊದಲನೆಯ ವೀಳ್ಯ ಎತ್ತಿ, "ಚಿಂಚೋಳಿಗೆ ದೇವೀಂದ್ರಪ್ಪ" ಎಂದರು. ಚಿತ್ತಾಪುರಕ್ಕೆ ಬಸವಂತರಾಯ. ವಾಡಿಗೆ ಮಶಾಕ.

ಚಿಂಚೋಳಿಯ ಟೀಮು ಎಂದರೆ ಕಾಡಿನ ಕಡೆಯಿಂದ ಬರುವ ಒಳ್ಳೆಯ ಜನ, ಸೋತು ಜೇನುತುಪ್ಪ ಕೊಟ್ಟು ಹೋಗುವವರು. ಅವರ ಮೇಲೆ ದೇವೀಂದ್ರಪ್ಪನನ್ನು ಬಿಡುವುದು, ವಾಡಿಯ ಹುಲಿಗಳ ಮುಂದೆ ಟಾಂಗಾದವನನ್ನು ನಿಲ್ಲಿಸುವುದು. ಮಶಾಕ ತಾನೇ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ.

ದೇವೀಂದ್ರಪ್ಪ ವೀಳ್ಯ ಅಂಗೈಯಲ್ಲಿ ಹಿಡಿದು ನಿಂತಿದ್ದ. "ನನ್ನ ಮ್ಯಾಲ ಭರೋಸಾ ಇಲ್ಲೇನ್ರಿ, ಮಾಸ್ತರ?" ಎಂದ.

"ಚಿಂಚೋಳಿ ಆಟ ಭಾಳ ದೊಡ್ಡದದಪ್ಪ. ಅದು ನಿನಗೇ ಇರ್ಲಿ" ಎಂದರು ಮಾಸ್ತರರು.

ಕೇಳಿದವರೆಲ್ಲ ನಕ್ಕರು. ದೇವೀಂದ್ರಪ್ಪ ಮಾತ್ರ ನಗಲಿಲ್ಲ. ವೀಳ್ಯ ಬಾಯಿಗೆ ಹಾಕಿಕೊಂಡು ತಲೆ ತಗ್ಗಿಸಿ ಮನೆಗೆ ಹೋದ. ಆಗಲೇ ನಾನು ಮಾಸ್ತರರ ತಲೆಯ ಬಗ್ಗೆ ಆ ಮಾತು ಹೇಳಿದ್ದು.

ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಶಾಲೆ ಬಿಡುವ ಹೊತ್ತಿಗೆ ಅವರ ಮನೆಗೇ ಹೋದೆ. ಅವರ ಹೆಂಡತಿ ಜೈಬುನ್ನೀಸಾ ಚಹಾ ತಂದಿಟ್ಟರು. ನನ್ನ ತಂಗಿಯ ಸಂಸಾರದ ಕಥೆಯನ್ನೆಲ್ಲ ನಾನು ಬಿಚ್ಚಿ ಹೇಳಿದೆ. ಮಾಸ್ತರರು ಕಣ್ಣು ಮಿಟುಕಿಸದೆ ಕೇಳಿದರು.

"ವೀಳ್ಯ ತಿಂದಾಗ್ಯದ, ಗುರುಲಿಂಗಪ್ಪ" ಎಂದರು. "ಚಹಾ ಆರಾಕತ್ತದ, ಕುಡಿ."

"ಕಾರಣರ ಹೇಳ್ರಿ."

"ಕಾರಣ ಹೇಳಿದ್ರ ಕೆಡ್ತದ."

ಜೈಬುನ್ನೀಸಾ ಬಾಗಿಲಲ್ಲಿ ನಿಂತು, "ಮನ್ಯಾಗೂ ಇವರು ಹೀಂಗೇ ಅದಾರ, ತಮ್ಮಾ. ಮಾವಿನಕಾಯಿ ಉಪ್ಪಿನಕಾಯಿ ಯಾಕ ಬ್ಯಾಡ ಅಂದ್ರ ಅದಕ್ಕೂ ಕಾರಣ ಹೇಳಲ್ಲ" ಎಂದರು. ನನಗೆ ನಗು ಬಂತು, ಆದರೂ ಸಿಟ್ಟು ಇಳಿಯಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ಚಿಂಚೋಳಿಯ ಆಟದ ದಿನ ಬಯಲಿಗೆ ಹೋಗಿ ನೋಡಿದರೆ ಬಿಳಿ ಕೋಟು ಹಾಕಿಕೊಂಡು ಅಂಪೈರ್ ಆಗಿ ನಿಂತವರು ಮಜೀದಸಾಬರು. ಹೊರಗಿನ ಅಂಪೈರ್ ಬೇಕೆಂದು ಮಾಸ್ತರರು ವಾಡಿಗೆ ಹೋಗಿ ಅವರನ್ನೇ ಕೇಳಿಕೊಂಡು ಬಂದಿದ್ದರಂತೆ. ದೇವೀಂದ್ರಪ್ಪ ಚೆಂಡು ಎಸೆಯುವ ತುದಿಯಲ್ಲೇ, ಅವನ ಭುಜಕ್ಕೆ ಕೈಯೆಟಕುವಷ್ಟು ಹತ್ತಿರ ಅವರು ನಿಂತಿದ್ದರು. ಫೋರ್‌ಮನ್ನರಿಗೆ ಇದಕ್ಕಿಂತ ಒಳ್ಳೆಯ ಕುರ್ಚಿ ಯಾರು ಹಾಕಿಕೊಡುತ್ತಾರೆ? ನಾನು ಮಾಸ್ತರರ ಕಡೆ ನೋಡಿದೆ. ಅವರು ನನ್ನ ಕಡೆ ನೋಡದೆ ಟೋಪಿ ಸರಿಮಾಡಿಕೊಂಡರು.

ಅವತ್ತು ದೇವೀಂದ್ರಪ್ಪ ಎಸೆದ ರೀತಿಯನ್ನು ಏನೆಂದು ಹೇಳಲಿ. ಅವಮಾನವಾಗಿದ್ದ ಗಂಡಸು ಅವನು, ಅದನ್ನೆಲ್ಲ ಚೆಂಡಿಗೆ ಹಾಕಿದ. ಚೆಂಡು ಚಾಪೆಗೆ ಬಡಿದು ಎದೆಯ ಮಟ್ಟಕ್ಕೆ ಏಳುತ್ತಿತ್ತು, ಕೆಲವೊಮ್ಮೆ ನನ್ನ ತಲೆಯ ಮೇಲೆಯೇ ಹೋಗುತ್ತಿತ್ತು. ನನ್ನ ಅಂಗೈ ಕೆಂಪಾಗಿ ಊದಿತು. ಚಿಂಚೋಳಿಯವರು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಆಟ ಮುಗಿಸಿ ಜೇನುತುಪ್ಪದ ಡಬ್ಬಿ ಕೊಟ್ಟರು. ಎಷ್ಟು ಸೊಗಸಾಗಿತ್ತೆಂದರೆ ಸೋತವರೂ ಅವನ ಬೆನ್ನು ತಟ್ಟಿ ಹೋದರು.

ಮಜೀದಸಾಬರು ಕೋಟು ಬಿಚ್ಚುತ್ತ ಅವನನ್ನು ಕರೆದರು. "ಶೆಡ್ಡಿನಾಗ ಫಿಟ್ಟರ್ ಕೈಕೆಳಗ ಒಂದು ಜಾಗಾ ಖಾಲಿ ಅದ. ನಾಳಿಂದ ಬಾ. ಈಗ ಹಂಗಾಮಿ. ಸೇಡಂ ಆಟದಾಗ ನನ್ನ ಕಡಿಂದ ಹೊಸ ಚೆಂಡು ಹಿಡಿ, ಅಲ್ಲಿ ನೋಡಿ ಖಾಯಂ ಮಾಡ್ತೀನಿ."

ದೇವೀಂದ್ರಪ್ಪ ಮಾಸ್ತರರ ಮುಖ ನೋಡಿದ. ತನ್ನ ಊರಿನ ಮೇಲೆಯೇ ಎಸೆಯಬೇಕಾಗಿತ್ತಲ್ಲ. ಮಾಸ್ತರರು, "ಹೋಗಪ್ಪ, ಖುಷೀಲೆ ಹೋಗು" ಎಂದರು. ಆದರೆ ಸೇಡಂ ಎಂಬ ಮಾತು ಕೇಳಿದಾಗ ಅವರ ಮುಖ ಒಂದು ಕ್ಷಣ ಕಪ್ಪಿಟ್ಟಿದ್ದನ್ನು ನಾನು ಕಂಡೆ. ಒಳ್ಳೆಯ ಬೋಲರ್ ಕೈತಪ್ಪಿದ್ದಕ್ಕೆ ಇರಬೇಕೆಂದುಕೊಂಡೆ.

ಎರಡನೆಯ ಆಟದಲ್ಲಿ ಬಸವಂತರಾಯನಿಗೆ ಚಿತ್ತಾಪುರ ಯಾಕೆ ಕೊಟ್ಟರೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಅದು ಅವನ ಹೆಂಡತಿಯ ತವರು. ಎದುರು ಟೀಮಿನ ಅರ್ಧ ಜನ ಅವನ ಬೀಗರು, ಉಳಿದರ್ಧ ಬೀಗರ ಗೆಳೆಯರು. ಮನೆಯ ಅಳಿಯ ಮೀಸೆ ತಿರುವುತ್ತ ಓಡಿ ಬರುವಾಗ ಅವನ ಚೆಂಡನ್ನು ಬೇಲಿಯಾಚೆ ಹೊಡೆಯುವುದು ಯಾವ ಮರ್ಯಾದೆ? ಎಲ್ಲರೂ ಗೌರವದಿಂದ ಆಡಿ ಗೌರವದಿಂದ ಔಟಾದರು. ಹೋಳಿಗೆ ಊಟ ಬೇರೆ ಆಯಿತು. ಬಸವಂತರಾಯ ಮಾತ್ರ ತನ್ನ ತೋಳಿನ ಬಲದಿಂದಲೇ ಗೆದ್ದೆನೆಂದು ದಾರಿಯುದ್ದಕ್ಕೂ ಹೇಳಿದ. ನಾವು ಹೌದು ಹೌದು ಎಂದೆವು.

ವಾಪಸು ಬರುವಾಗ ವಾಡಿಯಲ್ಲಿ ಗಾಡಿ ಬದಲಿಸಬೇಕು. ಇಳಿಬಿಸಿಲಿನ ಹೊತ್ತು. ಮಾಸ್ತರರೂ ನಾನೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಾಗ ದೇವೀಂದ್ರಪ್ಪ ಖಾಕಿ ಅಂಗಿಯಲ್ಲಿ, ಮೊಣಕೈ ತನಕ ಎಣ್ಣೆ ಮಸಿ ಮಾಡಿಕೊಂಡು, ನಮಗೆ ಚಹಾ ಹಿಡಿದು ಬಂದ. ಶೆಡ್ಡಿನ ಕೆಲಸ, ಅಲ್ಲಿನ ಕ್ವಾರ್ಟರ್ಸು, ನಳದ ನೀರು, ಎಲ್ಲ ಹೇಳಿದ. ಖಾಯಂ ಆದರೆ ಗುರುದೇವಿಯನ್ನು ಕರೆದುಕೊಂಡು ಬರುತ್ತೇನೆ ಎಂದ. ಅವನು ಅಷ್ಟು ಮಾತಾಡಿದ್ದನ್ನು ನಾನು ಅವರ ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಅವನು ಹೋದ ಮೇಲೆ ಮಾಸ್ತರರು ಕೇಳಿದರು: "ಗುರುಲಿಂಗಪ್ಪ, ನಮ್ಮ ಬಯಲಾಗ ಇವನ ಚೆಂಡು ನೀ ಎಲ್ಲಿ ಹಿಡಿತಿ?"

"ಎದಿ ಮಟ್ಟಕ್ಕರಿ. ಒಮ್ಮೊಮ್ಮಿ ಇನ್ನೂ ಮ್ಯಾಲ."

"ಹೋದ ವರ್ಷ ಸೇಡಂನಾಗ ಚಿತ್ತಾಪುರದವರ ಜೋಡಿ ಸುಮ್ನ ಆಡಿದಾಗ?"

ನಾನು ನೆನೆಸಿಕೊಂಡೆ. ಅವತ್ತು ಚೆಂಡು ಮೊಣಕಾಲಿನ ಕೆಳಗೇ ಬಂದಿತ್ತು. ನಾನು ಇಡೀ ದಿನ ಕುಕ್ಕರಗಾಲಲ್ಲಿ ಕೂತು ಸೊಂಟ ಹಿಡಿಸಿಕೊಂಡಿದ್ದೆ. "ಅವತ್ತ ಅವನಿಗಿ ಜ್ವರ ಇದ್ದುವರಿ" ಎಂದೆ.

"ಜ್ವರಾ ಇರಲಿಲ್ಲಪ್ಪ. ನಮ್ಮ ಕಲ್ಲು ಅಲ್ಲಿ ಇರಲಿಲ್ಲ."

ಹೆಚ್ಚಿನ ಊರಿನವರು ಮಣ್ಣಿನ ಮೇಲೆ ಚಾಪೆ ಹಾಸಿ ಆಡುತ್ತಾರೆ. ನಮ್ಮೂರಿನವರು ಹಾಗೆ ಮಾಡಿದರೆ ಶಹಾಬಾದಿನ ಮಾನ ಏನಾಗಬೇಕು? ಹೈದರಾಬಾದಿನ ತನಕ ಮಂದಿಯ ಮನೆಗೆ ನೆಲ ಹಾಸಿಕೊಟ್ಟ ಊರು ತಾನು ಮಣ್ಣಿನಲ್ಲಿ ಆಡುವುದೇ? ಅದಕ್ಕೆಂದು ನಯವಾದ ಪರಸಿ ಕಲ್ಲುಗಳನ್ನು ಒಂದಕ್ಕೊಂದು ಕೂಡಿಸಿ, ಅವುಗಳ ಮೇಲೆ ಬಸವಂತರಾಯನ ಅಪ್ಪನ ಚಾಪೆ ಹಾಸಿದ್ದೆವು. ಆ ಕಲ್ಲಿನ ಮೇಲೆ ಚೆಂಡು ಎದ್ದಿತು, ನಾವು ದೇವೀಂದ್ರಪ್ಪ ಎಬ್ಬಿಸಿದ ಎಂದುಕೊಂಡೆವು. ಸೇಡಂನಲ್ಲಿ ಇರುವುದು ಹೊಳೆದಂಡೆಯ ಕರಿಮಣ್ಣು. ಎಷ್ಟು ಜೋರಾಗಿ ಬಡಿದರೂ ಅಲ್ಲಿ ಚೆಂಡು ಮಲಗಿಕೊಂಡೇ ಬರುತ್ತದೆ. ಆ ಮಣ್ಣಿನಲ್ಲಿ ಬೇಕಾದದ್ದು ಮಶಾಕನಂಥ ನಿಧಾನದ, ತಿರುಗುವ ಚೆಂಡು. ಮಾಸ್ತರರ ಮೂರು ವೀಳ್ಯದ ಲೆಕ್ಕ ನನಗೆ ಪ್ಲಾಟ್‌ಫಾರ್ಮಿನ ಮೇಲೆ ಅರ್ಥವಾಯಿತು. ದೇವೀಂದ್ರಪ್ಪ ಎಲ್ಲಿ ಹುಲಿಯೋ ಅಲ್ಲಿಯೇ ಮಜೀದಸಾಬರನ್ನು ಕರೆಸಿ ತೋರಿಸಿದ್ದರು.

"ಇದನ್ನ ಅವತ್ತೇ ಯಾಕ ಹೇಳಲಿಲ್ರಿ? ಊರೆಲ್ಲ ನಿಮಗ ಬೈತು. ನಾನೂ ಬೈದೆ."

"ನಿಮಗ ಹೇಳಿದ್ರ ನೀವು ಅವನಿಗಿ ಹೇಳ್ತಿದ್ರಿ. ತನ್ನ ಚೆಂಡಿನ ಮ್ಯಾಲ ತನಗೇ ಅನುಮಾನ ಬಂತಂದ್ರ ಅವ ಕಲ್ಲಿನ ಮ್ಯಾಲೂ ಎಸಿತಿದ್ದಿಲ್ಲ. ಬೈಗಳದ ಮಾತು ಬಿಡು, ಅದೇನು ಮೈಗೆ ಹತ್ತತದೇನು?" ಆಮೇಲೆ ಹಳಿಗಳ ಕಡೆ ತಿರುಗಿ ಹೇಳಿದರು: "ಮಜೀದಸಾಬರು ಸೇಡಂನಾಗ ಇನ್ನೊಮ್ಮೆ ನೋಡ್ತೀನಿ ಅಂತಾರ ಅಂತ ನನಗ ಹೊಳಿದಿದ್ದಿಲ್ಲ. ಅಲ್ಲಿ ತಪ್ಪಿದೆ."

ಇಂಥ ಮನುಷ್ಯನಿಗೆ ನಾನು ತಲೆ ಕೆಟ್ಟಿದೆ ಎಂದಿದ್ದೆ. ಅವತ್ತು ಆ ಬೆಂಚಿನ ಮೇಲೆ ನನಗೆ ಅವರ ಕಾಲು ಮುಟ್ಟಬೇಕೆನಿಸಿತು. ಅವರು ಅದನ್ನು ಸಹಿಸುವವರಲ್ಲ, ಆದ್ದರಿಂದ ಸುಮ್ಮನೆ ಅವರ ಬ್ಯಾಟು ಹೊತ್ತುಕೊಂಡು ಗಾಡಿ ಹತ್ತಿದೆ.

ಸೇಡಂನ ಬಯಲಿಗೆ ಹತ್ತಿಕೊಂಡೇ ನಮ್ಮ ಸೋದರತ್ತೆ ಶರಣಬಸಮ್ಮನ ಮನೆ. ಗುರುದೇವಿ ಹಿಂದಿನ ದಿನವೇ ಅಲ್ಲಿಗೆ ಬಂದಿದ್ದಳು. ಆಟ ಅವಳಿಗೆ ಏನೂ ತಿಳಿಯದು. ಹಿತ್ತಲ ಗೋಡೆಯ ಮೇಲೆ ಗದ್ದ ಊರಿ ಗಂಡನ ಎಡಗೈಯನ್ನಷ್ಟೇ ನೋಡುತ್ತ ನಿಂತಿದ್ದಳು.

ಮೊದಲು ವಾಡಿಯವರು ಬ್ಯಾಟು ಹಿಡಿದರು. ಮಶಾಕ ಹೊಸ ಚೆಂಡು ಹಿಡಿದಾಗ ಅವರ ಕಡೆಯಿಂದ ಸಿಳ್ಳೆ ಬಂತು, ಯಾರೋ ಕುದುರೆಗೆ ಹುಲ್ಲು ಹಾಕಿ ಎಂದರು. ಮಶಾಕ ನಾಚಿಕೊಂಡೇ ಎಸೆದ. ಚೆಂಡು ತೇಲಿ ಬಂದು, ಕರಿಮಣ್ಣಿನ ಮೇಲೆ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಯಾವ ಕಡೆಗೋ ತಿರುಗುತ್ತಿತ್ತು. ಹುಲಿಗಳು ಒಂದೊಂದಾಗಿ ಮುಂದೆ ನುಗ್ಗಿ ಬೀಸಿದವು, ನಾನು ಹಿಂದೆ ಗೂಟ ಬೀಳಿಸುತ್ತ ಹೋದೆ. ಎಂಬತ್ತು ರನ್ನಿನ ಒಳಗೇ ವಾಡಿ ಮುಗಿಯಿತು. ಮಶಾಕನನ್ನು ಬಸವಂತರಾಯನೇ ಹೆಗಲ ಮೇಲೆ ಎತ್ತಿಕೊಂಡ. ಢಾಲು ನಮ್ಮ ಗಾಡಿ ಹತ್ತಿದಂತೆಯೇ ಎಂದು ಎಲ್ಲರಿಗೂ ಅನಿಸಿತು.

ಹೊತ್ತು ಮುಳುಗಿ ಮಗ್ರಿಬಿನ ಬಾಂಗು ಆಗುತ್ತಲೇ ಆಟ ನಿಲ್ಲಿಸುವುದು ನಮ್ಮ ಸೀಮೆಯ ಇನ್ನೊಂದು ರಿವಾಜು. ಅಷ್ಟರೊಳಗೆ ರನ್ನು ಮುಟ್ಟಬೇಕು, ಮುಟ್ಟದಿದ್ದರೆ ಢಾಲು ಇದ್ದವರ ಹತ್ತಿರವೇ ಉಳಿಯುತ್ತದೆ. ಹೊತ್ತು ಬೇಕಾದಷ್ಟಿತ್ತು. ಮಾಸ್ತರರೂ ನಾನೂ ಮೊದಲು ಬ್ಯಾಟು ಹಿಡಿದು ಹೊರಟೆವು. ಆ ತುದಿಯಲ್ಲಿ ಹೊಸ ಚೆಂಡು ಹಿಡಿದು ದೇವೀಂದ್ರಪ್ಪ ನಿಂತಿದ್ದ.

ಬಯಲಿನ ನಡುವೆ ಮಾಸ್ತರರು ನಿಂತರು. "ಬ್ಯಾರೆ ಕಡಿಂದ ಬಂದದ್ದು ನೀ ಹ್ಯಾಂಗರ ಹೊಡಿ. ಇವನ ಚೆಂಡಿಗಿ ಬ್ಯಾಟು ಅಡ್ಡ ಹಿಡಿ, ಸಾಕು."

"ಢಾಲು ಹೋಗ್ತದಲ್ರಿ."

"ಢಾಲು ಮುಂದಿನ ವರ್ಷನೂ ಇಡ್ತಾರ. ಅವನ ಪರೀಕ್ಷಾ ಇವತ್ತೊಂದೇ ದಿನ." ಆಮೇಲೆ, "ನಾ ಬಾಕಿಯವರಿಗಿ ಹೇಳಲ್ಲ. ಅವರು ಬಂದಾಗ ಅವರಿಷ್ಟ. ನಾವಿಬ್ಬರು ಇದ್ದಷ್ಟು ಹೊತ್ತು" ಎಂದರು.

ಮೊದಲ ಚೆಂಡು ಬಂತು. ಪಾಪ, ಅವನು ಮೈಯೆಲ್ಲ ಹಾಕಿ ಎಸೆದಿದ್ದ. ಕರಿಮಣ್ಣು ಅದನ್ನು ಹೀರಿಕೊಂಡಿತು. ಮೊಣಕಾಲಿನ ಮಟ್ಟದಲ್ಲಿ, ಹೊಡಿ ಎಂದು ಕೇಳಿಕೊಂಡಂತೆ ಬಂತು. ಮಾಸ್ತರರು ಬಲು ಕಷ್ಟದ ಚೆಂಡಿಗೆ ಮಾಡುವಂತೆ ಸೊಂಟ ಬಗ್ಗಿಸಿ, ಬ್ಯಾಟು ನೆಟ್ಟಗೆ ಇಟ್ಟು ತಡೆದು, ಉಸಿರು ಬಿಟ್ಟು ತಲೆ ಅಲ್ಲಾಡಿಸಿದರು. ನಾನು ನಾಟಕದಲ್ಲಿ ವೇಷ ಹಾಕಿದವನಲ್ಲ, ಆದರೂ ಅವತ್ತು ಹಾಕಿದೆ. ಒಂದು ಚೆಂಡಂತೂ ಎಷ್ಟು ಸುಲಭವಾಗಿ ಬಂತೆಂದರೆ ನನ್ನ ಕೈ ತಾನೇ ಮೇಲೆದ್ದಿತು. ಹಿತ್ತಲ ಗೋಡೆಯ ಮೇಲಿನ ಮುಖ ಕಂಡಿತು. ಕೈ ಇಳಿಸಿದೆ.

ಇನ್ನೊಂದು ತುದಿಯಿಂದ ಬಂದ ಚೆಂಡುಗಳನ್ನು ಮಾಸ್ತರರು ಹೊಳೆಯ ತನಕ ಹೊಡೆದರು. ದೇವೀಂದ್ರಪ್ಪ ಸಾಕೆನ್ನಲಿಲ್ಲ. ರನ್ನೇ ಬರುತ್ತಿಲ್ಲ ಎಂದ ಮೇಲೆ ಯಾವ ಬೋಲರ್ ಸಾಕೆನ್ನುತ್ತಾನೆ? ನೆರಳು ಉದ್ದವಾಯಿತು. ಬಸವಂತರಾಯ ಹೊರಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಕೊನೆಗೆ ನಾನು ಔಟಾದೆ, ಮಾಸ್ತರರೂ ಔಟಾದರು. ಹಿಂದೆ ಬಂದವರು ಬೀಸಿ ಹೊಡೆದು ಬೇಗ ಬೇಗ ಹತ್ತಿರ ಹೋದರು, ಒಂದೆರಡು ಹೊಡೆತ ಉಳಿದಿತ್ತು ಎನ್ನುವಾಗ ಮಸೀದಿಯಿಂದ ಬಾಂಗು ಕೇಳಿಸಿತು. ಅಂಪೈರ್ ಗೂಟ ಕಿತ್ತರು.

ಮಜೀದಸಾಬರು ದೇವೀಂದ್ರಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡೇ ಬಂದರು. "ಸಂಜಿ ತನಕ ಒಂದು ತುದಿ ಕಟ್ಟಿಹಾಕಿದ. ನಾಳಿ ಬಂದು ಕ್ವಾರ್ಟರ್ಸಿನ ಕೀಲಿ ತಗೊ" ಎಂದು ಅವನಿಗೆ ಹೇಳಿ ಕಳಿಸಿದರು. ಅವನು ದೂರ ಹೋದ ಮೇಲೆ ಮಾಸ್ತರರ ಕಡೆ ತಿರುಗಿದರು.

"ಮಾಸ್ತರಸಾಬ್, ನಿಮ್ಮ ಬ್ಯಾಟಿಗಿ ಇವತ್ತ ಒಂದೇ ಕಡಿ ಹಸಿವು ಇತ್ತಲ್ಲ."

ಮಾಸ್ತರರು ಬ್ಯಾಟಿಗೆ ಹತ್ತಿದ ಕರಿಮಣ್ಣು ಒರೆಸಿದರು.

"ನನಗೂ ಕಣ್ಣ ಅದಾವರಿ. ವಾಡಿ ಬಯಲೂ ಕಲ್ಲಿಂದೇ ಅದ. ನಮಗ ಅಲ್ಲಿ ಇವ ಬೇಕು" ಎಂದು ಸಲಾಮು ಮಾಡಿ ಹೋದರು. ಅವರೂ ದೊಡ್ಡ ಮನುಷ್ಯರೇ.

ನಮ್ಮವರಿಗೆ ಇದೊಂದೂ ಗೊತ್ತಿಲ್ಲವಲ್ಲ. ಬಸವಂತರಾಯ ಮಾಸ್ತರರನ್ನು ನಡುವೆ ನಿಲ್ಲಿಸಿಕೊಂಡು, "ಎತ್ತಿನ ಗಾಡಿ ಹೊಡದಂಗ ಆಡೀರಿ. ಮುಂದಿನ ವರ್ಷ ಬ್ಯಾರೆ ಕ್ಯಾಪ್ಟನ್ ಮಾಡ್ತೀವಿ, ನೋಡ್ರಿ" ಎನ್ನುತ್ತಿದ್ದ. ಹತ್ತು ಬಾಯಿ ಅವನಿಗೆ ಹೌದೆಂದವು. ಮಾಸ್ತರರು ಬ್ಯಾಟಿಗೆ ಹಳೆಯ ಬಟ್ಟೆ ಸುತ್ತುತ್ತ ಎಲ್ಲ ಕೇಳಿಸಿಕೊಂಡರು. ಕಾರಣ ಹೇಳಿದರೆ ಕೆಡುತ್ತದೆ ಎಂಬುದು ಈಗಲೂ ನಿಜವೇ ಆಗಿತ್ತು.

ನಾನು ಗೋಡೆಯ ಹತ್ತಿರ ಹೋದೆ. ಗುರುದೇವಿಯ ಕಣ್ಣುಗಳು ಕೆಂಪಾಗಿದ್ದವು. "ಯಾರು ಗೆದ್ರಣ್ಣಾ?" ಎಂದಳು.

"ನಿನಗ ವಾಡ್ಯಾಗ ಮನಿ ಆಯ್ತವ್ವ. ಮಾಸ್ತರ ಕೊಡಿಸ್ಯಾರ." ಉಳಿದದ್ದನ್ನು ಎರಡು ಮಾತಿನಲ್ಲಿ ಹೇಳಿ, ಯಾರ ಮುಂದೂ, ಅದರಲ್ಲೂ ಗಂಡನ ಮುಂದೆ ಬಾಯಿ ಬಿಡಬೇಡ ಎಂದೆ. "ಅತ್ತಿ ಮನ್ಯಾಗ ಎಲಿ ಅಡಕಿ ಅದಾವೇನು?"

ಅವಳು ಒಳಗೆ ಓಡಿಹೋಗಿ ವೀಳ್ಯ ಕಟ್ಟಿಕೊಂಡು ಬಂದಳು. ಅವಸರಕ್ಕೆ ಸುಣ್ಣ ಸೆರಗಿಗೆಲ್ಲ ಹತ್ತಿತ್ತು. ಅದನ್ನು ಹಿಡಿದುಕೊಂಡು ನಾನು ಗುಂಪಿನ ನಡುವೆ ನುಗ್ಗಿದೆ. ಕ್ಯಾಪ್ಟನ್ನಿಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದವನೇ ಬಂದನೆಂದು ಎಲ್ಲರೂ ದಾರಿ ಬಿಟ್ಟರು. ನಾನು ಎರಡೂ ಕೈಯಿಂದ ವೀಳ್ಯ ಮಾಸ್ತರರ ಮುಂದೆ ಚಾಚಿದೆ.

"ಇದು ಯಾವ ಆಟದ್ದಪ್ಪ?" ಎಂದರು ಮಾಸ್ತರರು.

"ಮುಂದಿನ ವರ್ಷದ್ದರಿ. ಮೂರೂ ಆಟದ್ದು. ಯಾರಿಗಿ ಯಾವುದು ಅಂತ ನೀವೇ ಹೇಳಬೇಕು."

ಬಸವಂತರಾಯ ಬಾಯಿ ತೆರೆದ. ಅವನು ಏನಾದರೂ ಹೇಳುವುದರೊಳಗೆ ಮಾಸ್ತರರು ಗೋಡೆಯ ಕಡೆ ಒಮ್ಮೆ ನೋಡಿ, ವೀಳ್ಯ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.